ಒಂದ ನಂಬರಿನ ಮಾಲು

ಉಮದಿ ದಾಟಿ ಸಂಖದ ಹಾದ್ಯಾಗ ಬೇದಾಣಿ ಶೆಡ್ಡು.
ಹದಿನಾರು ಹೆಣಮಕ್ಕಳು, ಒಂದು ತಾಡಪತ್ರಿ,
ನಡುವ ಗುಡ್ಡಿ ಹಾಕಿದ ಮನೂಕಿ.
ಹಸರಂದು ಈ ಕಡೆ, ಹಳದಿ ಆ ಕಡೆ,
ಕರಿಯಂದು, ಕಡ್ಡಿ ಇದ್ದದ್ದು ಹಿಂದಿನ ಬುಟ್ಟಿಗಿ.
ಇಪ್ಪತ್ತೆರಡು ವರ್ಷ ನನ್ನ ಬೆರಳು ತಪ್ಪಿದ್ದಿಲ್ಲ.

ಹ್ವಾದ ಶಿವರಾತ್ರಿ ಮುಂದ ಒಮ್ಮಿಂದೊಮ್ಮೆ
ಮಾಲೆಲ್ಲಾ ಚೊಲೊ ಬರ್ಲಾಕ ಹತ್ತಿತು.
ಎಲ್ಲಾ ಬಂಗಾರ, ಎಲ್ಲಾ ಒಂದ ನಂಬರು.
ಗಂಧಕದ ಹೊಗಿ ಈ ಸಲ ಹದಾ ಕುಂತದ, ಅಂದೆ.
ಬಿರಾಜದಾರ ಮುಕಾದಮ ಒಂದು ಹಿಡಿ ತಗೊಂಡು
ನನ್ನ ಅಂಗೈ ಮ್ಯಾಲ ಸುರುವಿದ:
‘ಗೌರಾಬಾಯಿ, ಇದು ಯಾವ ಬಣ್ಣ?’
ಹಳದಿ, ಅಂದೆ.
ಆಂವ ಏನೂ ಅನಲಿಲ್ಲ.
ಎಲ್ಲಾ ಕರೀ ಬುಟ್ಟಿಗಿ ಹಾಕಿದ.
ಹಳದಿ ಮಾಲಿನಾಗ ಇದ್ದಿದ್ದಿಲ್ಲ, ನನ್ನ ಕಣ್ಣಾಗಿತ್ತು.

ಮಿರಜದ ದವಾಖಾನ್ಯಾಗ ಅದಕ್ಕ ಮೋತಿಬಿಂದು ಅಂದ್ರು.
ಮುತ್ತಂತ!
ಮದಿವ್ಯಾಗೂ ಮೂಗಿಗಿ ಒಂದು ಮುತ್ತು ಕಾಣದಾಕಿ
ಕಣ್ಣಾಗ ಎರಡು ಇಟಗೊಂಡು ಕುಂತೀನಲ್ಲೇ, ಅಂದ್ರ
ರಮಜಾನಬಿ ಎಸ್ಟಿ ಬಸ್ಸಿನಾಗ
ಕವಠೆ ಬರೂತನಾ ನಕ್ಕಳು.

ಮೊದಲ ಸಲ ಸಕ್ಕರಿ ಮುನ್ನೂರಾ ಹನ್ನೆರಡು. ವಾಪಸ್.
ಎರಡನೇ ಸಲ ಇನ್ನೂರಾ ಎಂಬತ್ತು,
ಮ್ಯಾಲ ಕಾಲ ಬೆರಳಿಗಿ ಒಂದು ಹುಣ್ಣು.
ಅದು ಮಾಯಲಿ, ಆಮ್ಯಾಲ ನೋಡೂಣು, ಅಂದ್ರು.
ಕಣ್ಣಿಗಿ ಹ್ವಾದಾಕಿ ಕಾಲು ತೋರಿಸಿ ಬಂದೆ.
ಏನ ತಿಂತೀ, ಬಾಯಿ?
ಜ್ವಾಳದ ರೊಟ್ಟಿ, ಪುಂಡಿಪಲ್ಲೆ.
ಸುಳ್ಳಲ್ಲ ಅದು. ಪೂರಾ ಖರೇನೂ ಅಲ್ಲ.
ಹರಕ ಮನೂಕಿ ಯಾವ ಬುಟ್ಟಿಗೂ ಸಲ್ಲಂಗಿಲ್ಲ,
ಅದು ಬಾಯಿಗಿ.
ದಿನಕ್ಕ ಎಷ್ಟು? ಆರಿಸೂ ಕೈ ಎಣಸಂಗಿಲ್ಲ.

ಇನ್ಸುಲಿನ್ ಕೊಟ್ಟು ಕಳಿಸಿದ್ರು.
ಸಿರಿಂಜಿನ ಗೆರಿ ನನಗ ಕಾಣವಲ್ದು.
ಕಣ್ಣು ಬೇಕಂದ್ರ ಸಕ್ಕರಿ ಇಳೀಬೇಕು,
ಸಕ್ಕರಿ ಇಳೀಬೇಕಂದ್ರ ಕಣ್ಣು ಬೇಕು.
ಈ ಗಂಟು ಬಿಚ್ಚಿದಾಕಿ ರಮಜಾನಬಿ.
ದಿನಾ ನಸಿಕಿನ್ಯಾಗ ನಮಾಜು ಮುಗಿಸಿ ಬಂದು,
ಕಂದೀಲಿನ ಬೆಳಕಿಗಿ ಸಿರಿಂಜು ಹಿಡದು,
‘ಹನ್ನೆರಡು’ ಅಂತ ಗಟ್ಟಿಯಾಗಿ ಹೇಳಿ ಚುಚ್ಚತಿದ್ದಳು.
ನನಗ ಕೇಳಲಿ ಅಂತೋ, ತನಗ ಅಂಜಿಕಿ ಅಂತೋ.

ಮೂರನೇ ಸಲ ನೂರಾ ಐವತ್ತೆಂಟು.
ಮಂಚದ ಮ್ಯಾಲ ಮಲಗಿಸಿ ಹನಿ ಹಾಕಿದ್ರು.
ಮತ್ತ ಹಾಕಿದ್ರು. ಮತ್ತ.
ಕಣ್ಣಪಾಪಿ ಅರಳವಲ್ದು.
ಸಕ್ಕರಿ ಬ್ಯಾನಿಯವರದು ಹಿಂಗ, ಅಂದಳು ನರ್ಸ್ ಹುಡುಗಿ.
ಒಣಗಿದ್ದಕ್ಕ ಮತ್ತ ಹಣ್ಣಾಗು ಅಂದ್ರ
ಅದರ ಪಾಡೂ ನೋಡಬೇಕಲ್ಲ.

ಪಟ್ಟಿ ಬಿಚ್ಚಿದ ಕೂಡಲೆ ಕಂಡದ್ದು ನೀಲಿ.
ಬೂದಿಬಣ್ಣದ್ದಂತ ತಿಳಕೊಂಡಿದ್ದ ಆಕಿ ಸೀರಿ!
ಇಷ್ಟು ನೀಲಿ ಉಟಗೊಂಡು
ಎಷ್ಟು ದಿನಾ ನನ್ನ ಮಗ್ಗಲ ಕುಂತಿದ್ದಿಯೇ?

ಡಾಕ್ಟರು ಬ್ಯಾಟರಿ ಹಿಡದು ಭಾಳ ಹೊತ್ತು ನೋಡಿದ್ರು.
ಪರೆ ಇದ್ದಾಗ ನಮಗೂ ಒಳಗಿಂದು ಕಾಣತಿದ್ದಿಲ್ಲ, ಅಂದ್ರು.
ಬಾಗಲ ತಗದದ,
ಹಿಂದಿನ ಗ್ವಾಡಿ ಸೋರತದ.
ಸಣ್ಣ ಸಣ್ಣ ನರ ಒಡದು ರಗತ ಇಳದದ.
ಲೇಸರ್ ಬೇಕು, ಸೂಜಿ ಬೇಕು, ತಿಂಗಳಿಗೊಮ್ಮೆ ಬರಬೇಕು.
ಬರತೀನಿ, ಅಂದೆ.
ಕೂಲಿ ಯಾವ ಕಣ್ಣಿಂದ ಗಳಸಲಿ ಅಂತ ಕೇಳಲಿಲ್ಲ.

ಈಗ ಮತ್ತ ಶೆಡ್ಡಿನಾಗ ಕುಂತೀನಿ.
ಹಸರು ಹಸರಾಗಿ ಅದ, ಹಳದಿ ಹಳದಿಯಾಗಿ.
ನಡುವ ಒಂದು ಕರಿ ಎಳಿ ತೇಲತದ.
ಕಡ್ಡಿ ಅಂತ ಹೆಕ್ಕಲಾಕ ಹೋಗತೀನಿ,
ಬೆರಳಿಗಿ ಏನೂ ಸಿಗಂಗಿಲ್ಲ.
ಮುಂದಿನ ಹಿಡಿ ಮ್ಯಾಲ ಹೋಗಿ ಕುಂತಿರತದ.

ಎಡಗಣ್ಣು ಇನ್ನೂ ಹಾಂಗ ಅದ.
ಮುಕಾದಮ ಆ ಕಡೆ ತಿರಗಿದಾಗ
ಬಲಗಣ್ಣು ಮುಚ್ಚಿ ಒಂದಿಷ್ಟು ನೋಡತೀನಿ:
ಇಡೀ ಗುಡ್ಡಿ, ತಾಡಪತ್ರಿ, ನನ್ನ ಕೈ,
ಕರೀ ಬುಟ್ಟಿ ಸೈತ
ಒಂದ ನಂಬರು.